ಜೀವನಾಂಶಕ್ಕೆ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಟ್ಯಾಕ್ಸ್ ಇಲ್ಲ, ಕ್ಯಾಲಿಫೋರ್ನಿಯಾ ಮಾತ್ರ ಕೇಳುತ್ತಿದೆ, ಯಾಕೆ?

ಸನ್ನಿವೇಲ್_ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಡಿವೋರ್ಸ್ ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಆಯಿತು. ಅವರು ತಿಂಗಳಿಗೆ 2,500 ಡಾಲರ್ ಜೀವನಾಂಶ, ಮಗಳಿಗೆ ಅಂತ ಬೇರೆ 900 ಡಾಲರ್ ಕೊಡುತ್ತಾರೆ. ಟ್ಯಾಕ್ಸ್ ಫೈಲ್ ಮಾಡಿಕೊಟ್ಟವರು ಯಾವುದಕ್ಕೂ ತೆರಿಗೆ ಇಲ್ಲ ಅಂದರು, ನಂಬಿ ಸುಮ್ನಿದ್ದೆ. ಈಗ ರಾಜ್ಯದಿಂದ ಪತ್ರ ಬಂದಿದೆ, ವರ್ಷದ 30,000 ಡಾಲರ್ ಆದಾಯ ತೋರಿಸಿಲ್ಲ ಅಂತ. ಲಕೋಟೆ ಒಡೆದು ಅಡುಗೆ ಕಟ್ಟೆ ಮೇಲೆ ಇಟ್ಟು ಎರಡು ದಿನ ಆಯಿತು, ಮತ್ತೆ ಓದೋಕೆ ಧೈರ್ಯ ಬರುತ್ತಿಲ್ಲ. ಮಗಳ ದುಡ್ಡಿಗೂ ಕಟ್ಟಬೇಕಾ?

ಹಾಸನದ_ಹುಡುಗ
ಅಕ್ಕ, ಮಗಳ ದುಡ್ಡಿನ ಚಿಂತೆ ಮೊದಲು ಬಿಡಿ. ಚೈಲ್ಡ್ ಸಪೋರ್ಟ್‌ಗೆ ನೀವು ತೆರಿಗೆ ಕಟ್ಟಬೇಕಿಲ್ಲ, ಅವರೂ ಅದನ್ನು ತಮ್ಮ ಆದಾಯದಿಂದ ಕಳೆದು ತೋರಿಸುವ ಹಾಗಿಲ್ಲ. ಜೀವನಾಂಶದ್ದೇ ಗೊಂದಲ. 2017ರಲ್ಲಿ ಬಂದ ತೆರಿಗೆ ಕಾನೂನಿನ ಪ್ರಕಾರ, 2018ರ ಡಿಸೆಂಬರ್ 31 ಆದ ಮೇಲಿನ ಡಿವೋರ್ಸ್‌ಗಳಲ್ಲಿ ಕೊಡುವವರಿಗೆ ಫೆಡರಲ್ ವಿನಾಯಿತಿ ಇಲ್ಲ, ಪಡೆಯುವವರಿಗೆ ತೆರಿಗೆಯೂ ಇಲ್ಲ. ಕ್ಯಾಲಿಫೋರ್ನಿಯಾ ಆಗ ಇದನ್ನು ಒಪ್ಪಿಕೊಳ್ಳಲಿಲ್ಲ. ಹಾಗಾಗಿ ನಿಮ್ಮ 2022ರ ಡಿಕ್ರಿಗೆ ಇಲ್ಲಿ ಹಳೇ ಲೆಕ್ಕವೇ: ಅವರು ಕಳೆಯಬಹುದು, ನೀವು ರಾಜ್ಯದ ರಿಟರ್ನ್ ಜೊತೆ ಕೊಡುವ ಶೆಡ್ಯೂಲ್ ಸಿಎ ಫಾರ್ಮ್‌ನಲ್ಲಿ ಆದಾಯಕ್ಕೆ ಸೇರಿಸಬೇಕು. ಅವರು ಕಳೆದಿದ್ದಾರೆ, ನಿಮ್ಮ ಕಡೆ ಕಾಣಿಸಿಲ್ಲ, ಅದಕ್ಕೇ ಪತ್ರ ಬಂದಿರಬೇಕು.

ಶಿರಸಿ_ಸುಮ
ನನಗೂ ಹೀಗೇ ಆಗಿತ್ತು, ನಿಮ್ಮ ಹೆದರಿಕೆ ನನಗೆ ಅರ್ಥ ಆಗುತ್ತೆ. ಇವತ್ತೇ ಪತ್ರ ತೆಗೆದು ಉತ್ತರ ಕೊಡೋಕೆ ಕೊನೇ ದಿನ ಯಾವುದು ಅಂತ ನೋಡಿ. ಆಮೇಲೆ ಡಿಕ್ರಿ ಓದಿ. ಮನೆ ಮಾರಿದ್ದರಲ್ಲಿ ನಿಮ್ಮ ಪಾಲು ಅಂತ ಬಂದಿದ್ದರೆ ಅದು ಆಸ್ತಿ ಹಂಚಿಕೆ, ಜೀವನಾಂಶ ಅಲ್ಲ. ಅವರು ಯಾವ ತಿಂಗಳಾದರೂ ಪೂರ್ತಿ ಕೊಡದೇ ಇದ್ದರೆ, ಬಂದ ದುಡ್ಡು ಮೊದಲು ಮಗಳ ಲೆಕ್ಕಕ್ಕೆ ಹೋಗುತ್ತೆ, ಮಿಕ್ಕಿದ್ದು ಮಾತ್ರ ಜೀವನಾಂಶ. ನಾನು ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಹಳದಿ ಪೆನ್ನಲ್ಲಿ ಒಂದೊಂದೇ ಗುರುತು ಹಾಕಿದೆ, ಪತ್ರದಲ್ಲಿದ್ದ ಮೊತ್ತಕ್ಕಿಂತ ಮೂರು ತಿಂಗಳ ದುಡ್ಡು ಕಮ್ಮಿ ಇತ್ತು. ಅದನ್ನೇ ಕಳಿಸಿದೆ, ಒಪ್ಪಿಕೊಂಡರು.

ಎಡಿಸನ್_ಕನ್ನಡಿಗ
ನಮ್ಮ ನ್ಯೂಜೆರ್ಸಿಯಲ್ಲೂ ಇದೇ ಪದ್ಧತಿ, ರಾಜ್ಯಕ್ಕೆ ತೋರಿಸಲೇಬೇಕು. ಈ ದುಡ್ಡಲ್ಲಿ ಸಂಬಳದ ಹಾಗೆ ಮೊದಲೇ ತೆರಿಗೆ ಹಿಡಿಯುವುದಿಲ್ಲ ಅಲ್ವಾ, ಆದ್ದರಿಂದ ಮುಂದಿನ ವರ್ಷದಿಂದ ಎಸ್ಟಿಮೇಟೆಡ್ ಟ್ಯಾಕ್ಸ್ (ನಾವೇ ಅಂದಾಜು ಮಾಡಿ ಕಂತಿನಲ್ಲಿ ಮುಂಗಡ ಕಟ್ಟುವ ತೆರಿಗೆ) ಕಟ್ಟುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ ಏಪ್ರಿಲ್‌ಗೆ ಶೇ 30, ಜೂನ್‌ಗೆ ಶೇ 40, ಜನವರಿಗೆ ಶೇ 30, ಸೆಪ್ಟೆಂಬರ್ ಕಂತು ಇಲ್ಲ.

ಸನ್ನಿವೇಲ್_ಅಮ್ಮ
ತುಂಬಾ ಉಪಕಾರ ಆಯಿತು. ಕಳೆದ ವರ್ಷ ಎರಡು ತಿಂಗಳು ಅವರು ಅರ್ಧವೇ ಹಾಕಿದ್ದರು, ಈಗ ನೆನಪಾಯಿತು. ಮಗಳು ಮಲಗಿದ ಮೇಲೆ ಸ್ಟೇಟ್‌ಮೆಂಟ್ ತೆಗೆಯುತ್ತೇನೆ.