ಆಸರೆ ಕಾಲೋನಿ ಗುಂಪು: ಎರಡನೇ ಸಾಲಿನ ಗಟಾರ

ಮನೆ 62, ಬೆಳಿಗ್ಗೆ 5:10
ರಾತ್ರಿ ಒಂದೂವರೆಗೆ ಎಚ್ಚರ ಆದಾಗ ಕಾಲು ನೀರಲ್ಲಿತ್ತು. ನೆಲದ ಮೇಲೆ ಮಲಗಿದ್ದ ಅತ್ತೆಯ ಕೌದಿ ತೊಯ್ದು ಮುದ್ದೆಯಾಗಿದೆ. ಜೋಳದ ಚೀಲ ಎರಡು ಹೋದವು. ಮಳೆ ನೀರಾಗಿದ್ದರೆ ಬಳಿದು ಹಾಕುತ್ತಿದ್ದೆ, ಇದು ಗಟಾರದ ನೀರು! ಹೊಳೆಗೆ ಹೆದರಿ ಊರು ಬಿಟ್ಟು, ನೆರೆ ಸಂತ್ರಸ್ತರಿಗೆ ಕಟ್ಟಿಸಿದ ಈ ಆಸರೆ ಮನೆಗಳಿಗೆ, ಗುಡ್ಡದ ಮಗ್ಗಲಿಗೆ ಬಂದವರು ನಾವು. ಇಲ್ಲೂ ನಡುರಾತ್ರಿ ಎಲ್ಲರನ್ನೂ ಎಬ್ಬಿಸಿ ಕಟ್ಟೆ ಮೇಲೆ ನಿಲ್ಲಿಸಬೇಕಾ? 2009ರ ನೆರೆಯಲ್ಲಿ ನನ್ನ ಮಗ ಬಗಲಲ್ಲಿದ್ದ. ಈಗ ಅವನ ಪಿಯುಸಿ ಪುಸ್ತಕಗಳನ್ನು ಒಲೆ ಮುಂದೆ ಒಣಗಿಸ್ತಾ ಕೂತಿದ್ದೇನೆ. ಗಟಾರದ ಮೇಲೆ ಯಾರು ಏನು ಕಟ್ಟಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಇನ್ನು ನಾನು ಸುಮ್ಮನಿರಲ್ಲ.

ಮನೆ 60, 5:31
ನಮ್ಮಲ್ಲೂ ಪಡಸಾಲೆ ತನಕ ಬಂತು ಅಕ್ಕಾ. ಗಾಡಿ ಸ್ಟಾರ್ಟ್ ಆಗ್ತಿಲ್ಲ.

ಮನೆ 14, 5:48
ಹೇಳೋದಿದ್ದರೆ ಹೆಸರು ಹಿಡಿದು ಹೇಳವ್ವಾ. ನಾನು ಗಟಾರದ ಮೇಲೆ ಚಪ್ಪಡಿ ಹಾಸಿ ಎಮ್ಮೆ ಕಟ್ಟಿದ್ದು ನಿಜ. ಮತ್ತೆಲ್ಲಿ ಕಟ್ಟಲಿ? ಹಳೆ ಮನೆಯಲ್ಲಿ ತಲಬಾಗಿಲು ದಾಟಿದರೆ ದನದ ಜಾಗ, ಅದರಾಚೆ ಕಟ್ಟೆ, ಒಳಗೆ ಅಡುಗೆ ಮನೆ. ಇಲ್ಲಿ ಒಂದು ಹಾಲ್, ಒಂದು ಕೋಣೆ ಕೊಟ್ಟು ಕೀಲಿ ಕೈಗಿಟ್ಟರು. ಎಮ್ಮೆಗೆ ಕೀಲಿ ಕೊಟ್ಟರಾ? ನಂದು ಮೊದಲನೇ ಸಾಲು. ನನ್ನ ಚಪ್ಪಡಿಗೂ ನಿನ್ನ ಜೋಳಕ್ಕೂ ಸಂಬಂಧವಿಲ್ಲ.

ಮನೆ 27, 5:55
🌹 ಶುಭೋದಯ. ನಗುವೇ ಆರೋಗ್ಯದ ಗುಟ್ಟು. 🌹

ಮನೆ 31, 6:02
(ಫಾರ್ವರ್ಡ್) ⚠️ ಎಚ್ಚರಿಕೆ! ನವಿಲುತೀರ್ಥ ಡ್ಯಾಮ್ 2097 ಅಡಿ ಭರ್ತಿ! ಇಂದು ಸಂಜೆ ಎಲ್ಲಾ ಗೇಟ್ ಓಪನ್! ಹತ್ತು ಗುಂಪಿಗೆ ಕಳಿಸಿ ಜೀವ ಉಳಿಸಿ!

ಮಾಸ್ತರ್, ಮನೆ 8, 6:10
ತಮ್ಮಾ, ಅದನ್ನು ಈಗಲೇ ಅಳಿಸು. ಮಲಪ್ರಭೆಯ ಆ ಡ್ಯಾಮಿನ ಪೂರ್ಣ ಮಟ್ಟವೇ 2079.50 ಅಡಿ. 2097 ಅಂದರೆ ನೀರು ಗೋಡೆ ಮೇಲೆ ಹತ್ತಿ ನಿಲ್ಲಬೇಕು. ತಾರೀಖೂ ಇಲ್ಲ. ಇಂಥ ಸುದ್ದಿ ಕೇಳಿ ವಯಸ್ಸಾದವರು ಹೆದರುತ್ತಾರೆ.

ಮನೆ 45, 6:12
ಎರಡನೇ ಸಾಲಿನವರಿಗೆ ಒಂದು ದೋಣಿ ಮಂಜೂರು ಮಾಡಿಸಿ 😂

ಮನೆ 62, 6:13
ನಗೋದಾದರೆ ನಮ್ಮ ಮನೆಗೆ ಬಂದು ವಾಸನೆ ಕುಡಿದು ನಗು.

ಮನೆ 38, 6:20
ತಪ್ಪು ಇಲ್ಲಿರುವವರದ್ದೇ ಅಲ್ಲ. ಮನೆ ಹಕ್ಕುಪತ್ರ ತಗೊಂಡು, ಬಾಡಿಗೆಗೆ ಕೊಟ್ಟು, ಹಳೆ ಊರಲ್ಲೇ ಇರುವವರು ಎಷ್ಟಿದ್ದಾರೆ? ಬಾಡಿಗೆಯವರು ಗಟಾರ ಯಾಕೆ ತೆಗೀತಾರೆ?

ಮನೆ 70, 6:24
ನನಗೇ ಹೇಳಿದ್ದು ಅಂತ ಗೊತ್ತು. ನನ್ನ ಹೊಲ ಹಳೆ ಊರಿಗೆ ಹತ್ತಿರ. ಸುಗ್ಗಿಯಲ್ಲಿ ದಿನಾ ಎರಡು ಸಲ ಇಷ್ಟು ದೂರ ನಡೆದು ನೋಡಿ, ಆಮೇಲೆ ಮಾತಾಡಿ. 2019ರ ನೆರೆಯಲ್ಲಿ ನಮ್ಮಣ್ಣನ ಮನೆ ಪೂರ್ತಿ ಬಿದ್ದು 5 ಲಕ್ಷ ಮಂಜೂರಾಯಿತು. ಕಂತು ಕಂತಾಗಿ ಬಂತು. ಅವನೇ ಗೌಂಡಿ ಹಿಡಿದು, ತಳಪಾಯ ಎತ್ತರಿಸಿ, ಹಿತ್ತಲಲ್ಲಿ ಕೊಟ್ಟಿಗೆ ಬಿಟ್ಟು ಕಟ್ಟಿದ. ನಮಗೆ ಆ ಅವಕಾಶ ಎಲ್ಲಿತ್ತು?

ಮನೆ 14, 6:26
ಹಾಗಾದರೆ ನಿಮ್ಮಣ್ಣ ಮತ್ತೆ ಹೊಳೆ ದಂಡೆಯಲ್ಲೇ ಕಟ್ಟಿದನಲ್ಲ! ಅದಕ್ಕೆ ಸರ್ಕಾರ ದುಡ್ಡು ಕೊಡಬೇಕಾ? ನಮ್ಮ ಕಾಲೋನಿಗೆ ಒಂದು ಗಟಾರ ಮಾಡೋಕೆ ಆಗಲ್ಲ!

ಮನೆ 70, 6:27
ನಿಮ್ಮ ಎಮ್ಮೆ ಗಟಾರದ ಮೇಲಿಂದ ಇಳಿಸಿ, ಆಮೇಲೆ ನಮ್ಮಣ್ಣನ ಮಾತು.

ಮನೆ 14, 6:28
ಇಳಿಸಲ್ಲ. ಏನು ಮಾಡ್ತೀಯ?

(ಇಲ್ಲಿಂದ ಏಳು ಮೆಸೇಜ್ ಅಡ್ಮಿನ್ ಅಳಿಸಿದ್ದಾರೆ)

ಮಾಸ್ತರ್, ಮನೆ 8, 7:15
ನಾನು ಈಗ ಗೌಂಡಿಯ ಟ್ಯೂಬ್ ತಗೊಂಡು ಎರಡನೇ ಸಾಲಿಗೆ ಹೋಗಿ ಬಂದೆ. ಪಾರದರ್ಶಕ ಪೈಪ್, ಒಳಗೆ ನೀರು ತುಂಬಿ ಎರಡು ತುದಿ ಹಿಡಿದರೆ ಮಟ್ಟ ಕಾಣುತ್ತೆ. 60ರ ಹುಡುಗ ಒಂದು ತುದಿ ಹಿಡಿದ. 55ನೇ ಮನೆಯಿಂದ 62ರವರೆಗೆ ಗಟಾರದ ತಳದಲ್ಲಿ ಇಳಿಜಾರೇ ಇಲ್ಲ. 70ರ ಮುಂದೆ ತಳ ನಾಲ್ಕು ಬೆರಳು ಮೇಲೆದ್ದಿದೆ. ಅಂದರೆ ನೀರು ಮುಂದೆ ಹೋಗಲ್ಲ, ಹಿಂದಕ್ಕೆ ಬಂದು 62ರ ಹೊಸ್ತಿಲು ಹತ್ತುತ್ತೆ. ಚಪ್ಪಡಿ ಎಲ್ಲಾ ತೆಗೆದರೂ ಇದು ಸರಿಯಾಗಲ್ಲ.
ಯಾಕೆ ಎದ್ದಿತು ಕೇಳಿ. ನಮ್ಮದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಕಾಂಕ್ರೀಟೂ ಅದರ ಜೊತೆ ಏರಿ ಇಳಿಯುತ್ತೆ. ನಿಮ್ಮ ಮನೆ ಗೋಡೆಗಳಲ್ಲಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿರುವುದೂ ಇದಕ್ಕೇ. ಎರಿ ತೆಗೆದು ಗರಸು ಮಣ್ಣು ತುಂಬಿ, ಬಡಿದು ದಮ್ಮಸು ಮಾಡಿ, ಆಮೇಲೆ ಕಟ್ಟಬೇಕಿತ್ತು. ಈಗ 62ರಿಂದ 70ರ ಮುಂದಿನ ಹಳ್ಳದವರೆಗಾದರೂ ಒಡೆದು ಹಾಗೆ ಮಾಡಬೇಕು.
ಎಮ್ಮೆ ವಿಚಾರ. 14ರ ಕಾಕಾ ಹೇಳಿದ್ದರಲ್ಲಿ ಹುರುಳಿದೆ, ಸಿಟ್ಟು ಮಾಡಬೇಡಿ. ನಮ್ಮ ಬೀಗರು ಮಹಾರಾಷ್ಟ್ರದ ಕಿಲ್ಲಾರಿ ಕಡೆಯವರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪ ಆದಮೇಲೆ ಅಲ್ಲೂ ಸಾಲು ಸಾಲು ಮನೆ ಕಟ್ಟಿ ಊರು ಸ್ಥಳಾಂತರ ಮಾಡಿದರು. ಅಲ್ಲೂ ಜನ ಮುಂದೆ ಚಪ್ಪರ, ಪಕ್ಕದಲ್ಲಿ ಕೊಟ್ಟಿಗೆ ಕಟ್ಟಿಕೊಂಡರು. ದನ, ಬಣವಿ, ಹೊಲದ ದಾರಿ ಬಿಟ್ಟು ರೈತನಿಗೆ ಮನೆ ಅಂತ ಬೇರೆ ಇಲ್ಲ. ಗುಜರಾತಿನಲ್ಲಿ 2001ರ ಭೂಕಂಪದ ನಂತರ ಹೆಚ್ಚಿನ ಕಡೆ ಕಂತಿನಲ್ಲಿ ದುಡ್ಡು ಕೊಟ್ಟು, ಇಂಜಿನಿಯರ್ ಸಲಹೆ ಕೊಟ್ಟು, ಮನೆಯವರ ಕೈಯಲ್ಲೇ ಕಟ್ಟಿಸಿದರು. ಆ ದಾರಿ ಒಳ್ಳೇದು. ಆದರೆ ನಾವು ಈಗ ಇರುವ ಮನೆಯಲ್ಲೇ ಬದುಕಬೇಕಲ್ವಾ. ಶಾಲೆ ಹಿಂದೆ ಖಾಲಿ ಬಿದ್ದಿರುವ ಜಾಗವನ್ನು ದನಕ್ಕೆ ಕೇಳೋಣ, ಚಪ್ಪಡಿ ತೆಗೆಯೋಣ. ಎರಡೂ ಒಟ್ಟಿಗೆ ಆಗಬೇಕು.
ಭಾನುವಾರ ಬೆಳಿಗ್ಗೆ 7ಕ್ಕೆ ಮನೆಗೊಬ್ಬರು ಸಲಿಕೆ, ಬುಟ್ಟಿ ತಗೊಂಡು ಬನ್ನಿ. ಮೊದಲು ಕೆಸರು ತೆಗೆಯೋಣ. ಸೋಮವಾರ ಅರ್ಜಿ ಕೊಡೋಣ.

ಮನೆ 60, 7:18
ಬರ್ತೀನಿ ಸರ್.

ಮನೆ 14, 7:21
ಕೆಸರು ಜನ ಯಾಕೆ ತೆಗೀಬೇಕು? ಒಂದು ಸಲ ನಾವೇ ತೆಗೆದರೆ ಜೀವನಪೂರ್ತಿ ನಾವೇ ತೆಗೀಬೇಕು. ಮೊದಲು ಅಧಿಕಾರಿ ಬಂದು ನೋಡಲಿ. ಇಂಜಿನಿಯರ್ ಬರೋವರೆಗೆ ಯಾರೂ ಸಲಿಕೆ ಮುಟ್ಟಬೇಡಿ. ಶಾಲೆ ಹಿಂದಿನ ಜಾಗದಲ್ಲಿ ಗುಡಿ ಕಟ್ಟಬೇಕು ಅಂತ ಮೊದಲೇ ಮಾತಾಗಿದೆ, ಅದನ್ನೂ ನೆನಪಿಡಿ.

ಮನೆ 38, 7:25
ಕಾಕಾ ಹೇಳೋದು ಸರಿ. ನಾವೇ ಮಾಡಿದರೆ ಅವರು ಬರೋದೇ ಇಲ್ಲ.

ಮನೆ 60, 7:26
ಅಲ್ಲಿವರೆಗೆ ನಮ್ಮ ಮನೆಯಲ್ಲಿ ಮೀನು ಸಾಕಬೇಕಾ ಕಾಕಾ?

ಮನೆ 19, 7:40
ಸೋಮವಾರ ತಾಲೂಕಿಗೆ ಅರ್ಜಿ ಕೊಡೋಕೆ ಹೋಗುವವರು ಹೇಗೆ ಹೋಗ್ತೀರಿ? ಎಂಟು ಗಂಟೆ ಬಸ್ ಮೂರು ದಿನದಿಂದ ಕಾಲೋನಿ ಒಳಗೆ ಬರ್ತಿಲ್ಲ. ನನ್ನ ಮಗಳು ಕ್ರಾಸ್ ತನಕ ನಡೆದು ಹೋಗ್ತಿದ್ದಾಳೆ.

ಮನೆ 45, 7:41
ಹೌದು! ನಮ್ಮ ತಂಗಿಗೂ ನಿನ್ನೆ ಮೊದಲ ಪಿರಿಯಡ್ ತಪ್ಪಿತು.

ಮನೆ 14, 7:43
ಇದು ಮಾತು! ಬಸ್ಸಿನ ಅರ್ಜಿ ನಾನೇ ಬರೀತೀನಿ. ಎಲ್ಲರೂ ಸಹಿ ಮಾಡಿ. ಸಂಜೆ ಆರಕ್ಕೆ ನಮ್ಮ ಕಟ್ಟೆ ಹತ್ತಿರ ಬನ್ನಿ.

ಮನೆ 31, 7:44
👍

ಮನೆ 38, 7:44
👍👍

ಮನೆ 70, 7:50
ನಾನೂ ಸಹಿ ಮಾಡ್ತೀನಿ. ಹುಡುಗಿಯರು ನಡೆದು ಹೋಗೋದು ಸರಿಯಲ್ಲ.

ಮಾಸ್ತರ್, ಮನೆ 8, 8:05
ಬಸ್ಸೂ ಬೇಕು. ಆದರೆ ಅದೇ ಕಾಗದದಲ್ಲಿ ಗಟಾರದ ಮಟ್ಟದ ವಿಷಯವೂ ಸೇರಲಿ. ಅಳತೆ ನಾನು ಬರೆದು ಕೊಡ್ತೀನಿ.

ಮನೆ 14, 8:06
ಎರಡು ವಿಷಯ ಬರೆದರೆ ಒಂದೂ ಆಗಲ್ಲ ಮಾಸ್ತರೇ. ಮೊದಲು ಬಸ್.

ಮನೆ 62, ಮಧ್ಯಾಹ್ನ 3:30
ಬಸ್ಸಿನ ಅರ್ಜಿಗೆ ನನ್ನ ಹೆಸರೂ ಬರೆಯಿರಿ, ಮಗ ಅದರಲ್ಲೇ ಹೋಗೋದು. ಮತ್ತೆ ಮೋಡ ಕಟ್ಟಿದೆ. ಉಳಿದ ಜೋಳ ಮಂಚದ ಮೇಲೆ ಇಟ್ಟಿದ್ದೇನೆ, ಅತ್ತೆಯನ್ನು 8ನೇ ಮನೆಗೆ ಕಳಿಸಿದ್ದೇನೆ. 70ರ ಅಣ್ಣಾ, ನಿಮ್ಮ ಬಾಗಿಲ ಮುಂದಿನ ಚಪ್ಪಡಿ ಒಂದನ್ನಾದರೂ ಕತ್ತಲಾಗುವ ಮೊದಲು ಎತ್ತಿ ಕೊಡ್ತೀರಾ? ಕೈಗೆ ಬಂದಷ್ಟು ಕೆಸರು ನಾನು, ನನ್ನ ಮಗ ತೆಗೀತೀವಿ.