ಏಳನೇ ತಿಂಗಳಲ್ಲಿ ಸೊಂಟ ನೋವು: ಕೈರೋಪ್ರಾಕ್ಟರ್ ಹತ್ರ ಹೋದವರು ಇದ್ದೀರಾ?

ಬನಶಂಕರಿ: ಮಗ್ಗುಲು ಬದಲಿಸಿದರೆ ಸೊಂಟದ ಮುಂಭಾಗದ ಮೂಳೆ ಚುಳ್ ಅನ್ನುತ್ತದೆ. ಗೆಳತಿ ಕೈರೋಪ್ರಾಕ್ಟರ್ ಹತ್ರ, ಅಂದರೆ ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ ನೋವಿಗೆ ಚಿಕಿತ್ಸೆ ಕೊಡುವವರ ಹತ್ರ ಹೋಗು ಅನ್ನುತ್ತಾಳೆ, ಅತ್ತೆ ಬೇಡ ಅನ್ನುತ್ತಾರೆ. ನಿಮ್ಮ ಅನುಭವ ಹೇಳಿ.

ಇಂದಿರಾನಗರ: ನಾನು ಹೋಗಿದ್ದೆ. ಇನ್ನೊಂದು ಮಗುವಾದರೂ ಹೋಗುತ್ತೇನೆ. ಲಟಕ್ ಅನ್ನಿಸುವ ಕೆಲಸವೇ ಇಲ್ಲ. ಹೊಟ್ಟೆಗೆ ಜಾಗ ಬಿಟ್ಟ ಮೇಜು, ಬಸುರಿಯರಿಗೆ ಬಳಸುವ ವೆಬ್‌ಸ್ಟರ್ ಅನ್ನೋ ವಿಧಾನ, ಸೊಂಟದ ಹಿಂದಿನ ಕೀಲನ್ನು ಮೆಲ್ಲಗೆ ಒತ್ತಿದರು. ಮೊದಲ ಸಲ 2,500 ರೂಪಾಯಿ, ಆಮೇಲೆ ಪ್ರತಿ ಸಲ 1,800. ಕ್ಯಾಬ್‌ಗೆ ಹೋಗಿ ಬರಲು 600. ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ. ಆದರೂ ಮೆಟ್ಟಿಲು ಹತ್ತುವಂತಾದೆ. ಮಗುವೂ ತಲೆ ಕೆಳಗೆ ಮಾಡಿತು.

ರಾಜಾಜಿನಗರ: ಮಗು ತಿರುಗಿದ್ದಕ್ಕೆ ಅವರಿಗೆ ಹೆಸರು ಕೊಡಬೇಡಿ. ಹೆಚ್ಚಿನ ಮಕ್ಕಳು 36ನೇ ವಾರದೊಳಗೆ ತಾವೇ ತಿರುಗುತ್ತವೆ. ನನ್ನ ಹತ್ರ ಪ್ಯಾಕೇಜ್ ಅಂತ ಮುಂಗಡ 15,000 ಕಟ್ಟಿಸಿಕೊಂಡರು. ಬಿಲ್ ಕೇಳಿದರೆ ವಾಟ್ಸಾಪ್‌ನಲ್ಲಿ ಒಂದು ಚೀಟಿ. ಆಮೇಲೆ ಎಕ್ಸ್‌ರೇ ತೆಗೆಸಿ ಅಂದರು, ಬಸುರಿಗೆ! ನಮ್ಮ ಡಾಕ್ಟರಮ್ಮ ಕೇಳಿ ಕೆಂಡವಾದರು. ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ನನ್ನ ಕೈ ಹಿಡಿದದ್ದು ಫಿಸಿಯೋ ಕೊಡಿಸಿದ 900 ರೂಪಾಯಿ ಬೆಲ್ಟ್, ಮಂಡಿಗಳ ನಡುವೆ ದಿಂಬು, ಎರಡೂ ಮಂಡಿ ಜೋಡಿಸಿಕೊಂಡೇ ಮಗ್ಗುಲಾಗುವುದು.

ಇಂದಿರಾನಗರ: ನಿಮಗೆ ಕೆಟ್ಟವರು ಸಿಕ್ಕರೆ ವಿದ್ಯೆಯೇ ಕೆಟ್ಟದ್ದಾ? ನನಗೆ ಸಿಕ್ಕವರು ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರು. ಹೆರಿಗೆ ಡಾಕ್ಟರ ಚೀಟಿ ಇಲ್ಲದೆ ಮುಟ್ಟಲಿಲ್ಲ.

ರಾಜಾಜಿನಗರ: ಬೋರ್ಡ್ ಹಾಕಿಕೊಂಡವರೆಲ್ಲ ಓದಿ ಬಂದವರಲ್ಲ ರೀ. ಏಳು ತಿಂಗಳ ಹೊಟ್ಟೆ ಹೊತ್ತವಳು ಸರ್ಟಿಫಿಕೇಟ್ ಹುಡುಕಿಕೊಂಡು ಅಲೆಯಬೇಕಾ?

ಬನಶಂಕರಿ: ಬೆಲ್ಟ್ ಹೊಟ್ಟೆ ಮೇಲೆ ಕಟ್ಟಬೇಕಾ?

ಯಲಹಂಕ: ನಮ್ಮಮ್ಮ ಹರಳೆಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದರು, ಅಷ್ಟೇ. ಮೂರು ಹೆತ್ತೆ. ಈಗಿನವರಿಗೆ ಕೈ ಮುಟ್ಟಿದ್ದಕ್ಕೂ ಸಾವಿರ ಕೊಡಬೇಕು.

ಕೆಂಗೇರಿ: ಬನಶಂಕರಿಯವರೇ, ಹೊಟ್ಟೆ ಮೇಲಲ್ಲ. ಕೆಳಗೆ, ಸೊಂಟದ ಮೂಳೆ ಸುತ್ತ. ಕಾಲು ಜೋಮು ಹಿಡಿದರೆ, ರಕ್ತ ಅಥವಾ ನೀರು ಹೋದರೆ ಯಾರ ಮೇಜೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಯಲಹಂಕದ ಅಮ್ಮ, ನಾನು ಬಸುರಿ ಇದ್ದಾಗಲೇ ನನ್ನ ಅತ್ತೆ ಒಬ್ಬರನ್ನು ಕರೆಸಿ ಜೋರಾಗಿ ತಿಕ್ಕಿಸಿದರು. ಮಾರನೇ ದಿನ ಬಚ್ಚಲಿಗೂ ಗೋಡೆ ಹಿಡಿದು ಹೋದೆ. ಬಸುರಿಯಲ್ಲಿ ಕೀಲುಗಳು ಮೊದಲೇ ಸಡಿಲ ಇರುತ್ತವೆ.

ಯಲಹಂಕ: ತಿಕ್ಕುವ ಕೈಗೆ ಹದ ಗೊತ್ತಿರಬೇಕು. ನಿಮ್ಮ ಅತ್ತೆ ತಪ್ಪಿಗೆ ಎಣ್ಣೆಯನ್ನು ಬಯ್ಯಬೇಡಿ. ನಿಮ್ಮ ಬಾಣಂತನ ಎಣ್ಣೆ ಇಲ್ಲದೆ ಆಯಿತಾ?

ಕೆಂಗೇರಿ: ಬಾಣಂತನ ಹೆರಿಗೆ ಆದ ಮೇಲಿನ ಮಾತು. ಅದನ್ನು ತಂದು ಏಳನೇ ತಿಂಗಳವಳ ಸೊಂಟಕ್ಕೆ ಹಚ್ಚಬೇಡಿ.