ಕ್ಯೋನಿಗ್ಸ್‌ಹಾಗೆನ್ ಪಾಳುಬಿದ್ದದ್ದು ಪ್ಲೇಗಿನಿಂದಲೋ, ಬೆಂಕಿಯಿಂದಲೋ?

ಹಳೇಕಡತ: ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ತಪ್ಪಲಲ್ಲಿ, ಬಾರ್ಬಿಸ್ ಹತ್ತಿರ, ಕ್ಯೋನಿಗ್ಸ್‌ಹಾಗೆನ್ ಎಂಬ ಹಳ್ಳಿ ಇತ್ತು. 12ನೇ ಶತಮಾನದಲ್ಲಿ ಹುಟ್ಟಿ, 1420ರ ಸುಮಾರಿಗೆ ಬೇಚರಾಕ್ ಆಯಿತು, ಅಂದರೆ ಜನವಸತಿಯೇ ಇಲ್ಲದಾಯಿತು. 1960ರ ದಶಕದಲ್ಲಿ ವಾಲ್ಟರ್ ಯಾನ್ಸೆನ್ ಅಲ್ಲಿನ ಉತ್ಖನನದ ವರದಿ ಪ್ರಕಟಿಸಿದರು. ಆ ಕಾಲದಲ್ಲಿ ಜರ್ಮನಿಯ ಸಾವಿರಾರು ಹಳ್ಳಿಗಳ ಪಾಡು ಇದೇ. ನನ್ನ ಪ್ರಕಾರ ಮೂಲ ಕಾರಣ ಪ್ಲೇಗ್. ನೀವೇನಂತೀರಿ?

ಗಾಟಿಂಗೆನ್ ಕನ್ನಡತಿ: ಕಾಲದ ಲೆಕ್ಕ ಕೂಡಿಬರುವುದಿಲ್ಲ ಸರ್. ಪ್ಲೇಗ್ ಜರ್ಮನಿಗೆ ಬಂದದ್ದು 1349–50ರ ಆಸುಪಾಸು. ಅದಾದ ಮೇಲೂ ಈ ಊರು ಸುಮಾರು ಎಪ್ಪತ್ತು ವರ್ಷ ಬಾಳಿದೆ. ಅದರ ಕೊನೆ ಆದದ್ದು ಬೆಂಕಿಯಲ್ಲಿ. ಆಗ ಧಣಿಗಳ ನಡುವೆ ಹಗೆ ಹುಟ್ಟಿದರೆ ಎದುರಾಳಿಯ ಕೋಟೆ ಮುತ್ತುವುದಕ್ಕಿಂತ ಅವನ ರೈತರ ಮನೆ, ಕಣಜ ಸುಡುವುದು ಸಲೀಸು. ಕಂದಾಯವೇ ನಿಂತುಹೋದರೆ ಅವನು ತಾನಾಗಿ ಬಗ್ಗುತ್ತಾನೆ. ಸತ್ತವರು ಮಾತ್ರ ಜಗಳಕ್ಕೆ ಸಂಬಂಧವೇ ಇಲ್ಲದವರು.

ಬಯಲುಸೀಮೆ ರೈತ: ಇಬ್ಬರೂ ಮಣ್ಣನ್ನು ಮರೆತಿದ್ದೀರಿ. ಜನ ಹೆಚ್ಚಿದಂತೆ ಕಾಡು ಕಡಿದು ಇಳಿಜಾರನ್ನೂ ಉತ್ತರು. 1315ರಿಂದ ಸತತ ಮಳೆ, ಕ್ಷಾಮ. 1342ರ ಜುಲೈಯಲ್ಲಿ ಮೈನ್, ವೇಸರ್ ನದಿಗಳು ಹಿಂದೆಂದೂ ಕಾಣದಷ್ಟು ಉಕ್ಕಿದವು. ಬೆಟ್ಟದ ಹೊಲಗಳ ಮೇಲ್ಮಣ್ಣು ಕೊಚ್ಚಿಹೋಯಿತು. ಇದೆಲ್ಲ ಪ್ಲೇಗಿಗೆ ಮೊದಲೇ ಆದದ್ದು. ಒಮ್ಮೆ ಹೋದ ಮೇಲ್ಮಣ್ಣು ಮೊಮ್ಮಕ್ಕಳ ಕಾಲಕ್ಕೂ ಬರುವುದಿಲ್ಲ.

ನದಿದಂಡೆ: ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ ಸೈನ್ಯ ಸುಟ್ಟಿತು ಅಂತ ಇಂಥ ಎಷ್ಟೋ ಊರುಗಳ ಬಗ್ಗೆ ಕಥೆಯಿದೆಯಲ್ಲ?

ಗಾಟಿಂಗೆನ್ ಕನ್ನಡತಿ: ಇದೆ, ಆದರೆ ಆ ಯುದ್ಧ 1618ರಿಂದ 1648ರವರೆಗೆ. ಈ ಊರು ಅಷ್ಟರಲ್ಲಿ ಅಳಿದು ಇನ್ನೂರು ವರ್ಷ ಆಗಿತ್ತು.

ಹಳೇಕಡತ: ಬೆಂಕಿ ಬಿದ್ದದ್ದನ್ನು ನಾನು ಅಲ್ಲಗಳೆಯುತ್ತಿಲ್ಲ ಮೇಡಂ. ಮರ, ಹುಲ್ಲು, ಮಣ್ಣಿನ ಮನೆಗಳು ಅದಕ್ಕೂ ಹಿಂದೆ ಎಷ್ಟು ಸಲ ಸುಟ್ಟಿರಲಿಕ್ಕಿಲ್ಲ? ಪ್ರತಿ ಸಲ ಜನ ಮತ್ತೆ ಕಟ್ಟಿಕೊಂಡರು. ಈ ಸಲ ಯಾಕೆ ಕಟ್ಟಲಿಲ್ಲ? ಪ್ಲೇಗ್ ಮತ್ತೆಮತ್ತೆ ಬಂದು ಜನರನ್ನು ಒಯ್ದಿತ್ತು. ಉಣ್ಣುವ ಬಾಯಿ ಕಡಿಮೆಯಾಗಿ ಧಾನ್ಯದ ಬೆಲೆ ಬಿತ್ತು, ಪಟ್ಟಣದಲ್ಲಿ ಕೂಲಿ ಏರಿತು. ಫಲವತ್ತಾದ ಬಯಲಿನ ಹಳ್ಳಿಗಳಲ್ಲೇ ಒಕ್ಕಲಿಲ್ಲದ ಹೊಲ ಬಿದ್ದಿತ್ತು, ಧಣಿಗಳು ಗೇಣಿ ಇಳಿಸಿ ಕರೆಯುತ್ತಿದ್ದರು. ಸುಟ್ಟ ಬೂದಿಯ ಮೇಲೆ ಹೊಸ ತೊಲೆ ಎತ್ತುವ ಬದಲು ಅಲ್ಲಿಗೆ ಹೋಗುವುದೇ ಜಾಣತನ. ಕೃಷಿ ಇತಿಹಾಸಕಾರ ವಿಲ್ಹೆಲ್ಮ್ ಆಬೆಲ್ ಅವರ ಅಂದಾಜು ನೋಡಿ: 1300ರ ಸುಮಾರಿಗೆ ಜರ್ಮನಿಯಲ್ಲಿ ಇದ್ದ 1,70,000 ನೆಲೆಗಳಲ್ಲಿ 1500ರ ಹೊತ್ತಿಗೆ 40,000ದಷ್ಟು ಇರಲಿಲ್ಲ. ಇಷ್ಟನ್ನೂ ಧಣಿಗಳ ಜಗಳವೇ ಮಾಡಿತೇ?

ಗಾಟಿಂಗೆನ್ ಕನ್ನಡತಿ: ಈ ವಾದ ಒಪ್ಪುತ್ತೇನೆ. ಆದರೆ ಎಲ್ಲ ಊರಿಗೂ ಒಂದೇ ಚೀಟಿ ಅಂಟಿಸಬೇಡಿ. ಕೆಲವು ಕಡೆ ಸಿಸ್ಟರ್ಷಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠಗಳೇ ರೈತರನ್ನು ಎಬ್ಬಿಸಿ ಸ್ವಂತ ಬೇಸಾಯದ ತೋಟ ಮಾಡಿಕೊಂಡವು, ಅದೂ ಪ್ಲೇಗಿಗೆ ನೂರು-ನೂರೈವತ್ತು ವರ್ಷ ಮೊದಲು. ದಕ್ಷಿಣ ಹಾರ್ಟ್ಸ್‌ನಲ್ಲೇ ಹೋಹೆನ್‌ರೋಡೆ ಎಂಬ ಇನ್ನೊಂದು ಊರನ್ನು 1930ರ ದಶಕದಲ್ಲಿ ಪೌಲ್ ಗ್ರಿಮ್ ಅಗೆದರು. ಅದು 14ನೇ ಶತಮಾನದಲ್ಲೇ ಬರಿದಾಗಿತ್ತು. ಒಂದೇ ಬೆಟ್ಟಸಾಲಿನ ಎರಡು ಊರು, ಎರಡು ಬೇರೆ ಕಾಲ.

ಬಯಲುಸೀಮೆ ರೈತ: ಹಾಗಾದರೆ ಜನ ಬಿಟ್ಟ ಮೇಲೆ ಹೊಲಕ್ಕೇನಾಯಿತು ಅನ್ನುವುದನ್ನೂ ನೋಡೋಣ. ಒಳ್ಳೆ ನೆಲವಾದರೆ ಪಕ್ಕದೂರಿನವರು ಉಳುತ್ತಲೇ ಇದ್ದರು, ಊರಷ್ಟೇ ಇರಲಿಲ್ಲ. ಬಡ ನೆಲವಾದರೆ ಕಾಡು ನುಂಗಿತು. ಈಗಲೂ ಅಲ್ಲಿನ ಬೀಚ್ ಮರಗಳ ಅಡಿಯಲ್ಲಿ ನೇಗಿಲು ಎಬ್ಬಿಸಿದ ಉದ್ದುದ್ದ ದಿಣ್ಣೆಗಳು ಕಾಣುತ್ತವೆ. ಯಾವ ಊರಿನ ಹೊಲ ಕಾಡಾಯಿತು, ಯಾವುದು ಆಗಲಿಲ್ಲ ಅಂತ ನಕ್ಷೆ ಹಾಕಿದರೆ ನನ್ನ ಮಾತಿಗೂ ನಿಮ್ಮ ಮಾತಿಗೂ ಪರೀಕ್ಷೆ ಅಲ್ಲೇ ಆಗುತ್ತದೆ.